ಹಲ್ಲಿಗೆ ತಂತಿ ಇರುವಾಗ ಬಿಳುಪಿನ ಹಂಬಲ

ಡೊಂಕು ಹಲ್ಲುಗಳನ್ನು ಸಾಲಿಗೆ ತರಲು ತಂತಿ ಕಟ್ಟಿಸಿಕೊಳ್ಳುವುದು ಈಗ ಶಿವಮೊಗ್ಗ, ಭದ್ರಾವತಿಗಳಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಜನರ ಬಾಯಲ್ಲಿ ಇದಕ್ಕೆ ‘ಕ್ಲಿಪ್ ಹಾಕಿಸುವುದು’ ಎಂದು ಹೆಸರು. ಪ್ರೌಢಶಾಲೆಯ ಮಕ್ಕಳು, ಕಾಲೇಜಿನ ಹುಡುಗ ಹುಡುಗಿಯರು, ಮದುವೆಯ ಮಾತುಕತೆ ತೊಡಗುವ ಮುನ್ನ ಹಲ್ಲು ಸರಿಪಡಿಸಿಕೊಳ್ಳಬೇಕೆನ್ನುವ ತರುಣ ತರುಣಿಯರು ಇದಕ್ಕಾಗಿ ದಂತವೈದ್ಯರಲ್ಲಿಗೆ ಬರುತ್ತಾರೆ. ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ನಡೆಯುತ್ತದೆ. ಅಡಿಕೆ ಮಾರಿದ ಹಣದಲ್ಲಿಯೋ ತಿಂಗಳ ಸಂಬಳದಲ್ಲಿ ಉಳಿಸಿದ್ದರಲ್ಲಿಯೋ ಮನೆಯವರು ಕಂತು ಕಂತಾಗಿ ಅದರ ವೆಚ್ಚವನ್ನು ಭರಿಸುತ್ತಾರೆ. ತಂತಿ ಕಟ್ಟಿ ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ಕನ್ನಡಿಯ ಮುಂದೆ ಹೊಸ ಚಿಂತೆಯೊಂದು ಹುಟ್ಟುತ್ತದೆ. ಹಲ್ಲು ಸಾಲಿಗೆ ಬರುತ್ತಿದೆ, ಆದರೆ ಹಳದಿಯಾಗಿ ಕಾಣುತ್ತಿದೆ. ಒಡನೆ ಅಂಗಡಿಯಿಂದ ‘ಒಂದೇ ವಾರದಲ್ಲಿ ಬಿಳುಪು’ ಎಂದು ಸಾರುವ ಪೇಸ್ಟ್ ಮನೆಗೆ ಬರುತ್ತದೆ.

ಅದನ್ನು ಬಳಸಬಹುದೇ ಎಂಬುದು ಪ್ರಶ್ನೆ. ತಂತಿ ಇರುವಷ್ಟು ಕಾಲ ಬೇಡ ಎಂಬುದು ಉತ್ತರ. ಇಷ್ಟನ್ನು ಬಹುಪಾಲು ದಂತವೈದ್ಯರೂ ಹೇಳಿಯೇ ಇರುತ್ತಾರೆ. ಆದರೆ ಬೇಡವೆನ್ನಲು ಜನರಲ್ಲಿ ಪ್ರಚಲಿತವಾಗಿರುವ ಕಾರಣ ಅರ್ಧ ಮಾತ್ರ ಸರಿ. ನಿಜವಾದ ಹಾಗೂ ಹೆಚ್ಚು ಗಂಭೀರವಾದ ಕಾರಣ ಬೇರೆಯೇ ಇದೆ. ಅದನ್ನು ತಿಳಿಯದೆ ಹೋದವರು ಪೇಸ್ಟನ್ನು ಬಿಟ್ಟರೂ ಹಲ್ಲನ್ನು ಕೆಡಿಸಿಕೊಳ್ಳುವುದುಂಟು. ಆದುದರಿಂದ ವಿಷಯವನ್ನು ಮೊದಲಿನಿಂದ ನೋಡೋಣ.

ಹಲ್ಲಿನ ಹೊರಮೈಯಲ್ಲಿರುವುದು ಎನಾಮೆಲ್ ಎಂಬ ಕವಚ. ತೂಕದ ಲೆಕ್ಕದಲ್ಲಿ ಅದರ ಸುಮಾರು 96 ಭಾಗ ಖನಿಜ. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಆದರೂ ಅದರೊಳಗೆ ಜೀವಕೋಶಗಳಿಲ್ಲ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೆ ಬೆಳೆಯುತ್ತದೆ, ಎನಾಮೆಲ್ ಸವೆದರೆ ಮರಳಿ ಹುಟ್ಟದು. ಇನ್ನೊಂದು ಗುಣವೆಂದರೆ ಅದು ಪೂರ್ಣವಾಗಿ ಬಿಳಿಯಲ್ಲ. ಮಂಜುಗಾಜಿನಂತೆ ತುಸು ಪಾರದರ್ಶಕ. ಅದರ ಕೆಳಗಿರುವ ಡೆಂಟಿನ್ ಎಂಬ ಪದರದ ಬಣ್ಣ ನಸುಹಳದಿ. ನಾವು ಹಲ್ಲಿನ ಬಣ್ಣವೆಂದು ಕಾಣುವುದು ಬಹುಮಟ್ಟಿಗೆ ಈ ಒಳಪದರದ ಬಣ್ಣವನ್ನೇ. ಹೀಗಾಗಿ ಆರೋಗ್ಯವಂತನ ಹಲ್ಲು ಹಾಲಿನಂತೆ ಬೆಳ್ಳಗಿರುವುದಿಲ್ಲ. ಜಾಹೀರಾತಿನಲ್ಲಿ ಕಾಣುವ ಹಲ್ಲು ಬೆಳಕಿನಿಂದಲೋ ಬಣ್ಣದಿಂದಲೋ ಮಾಡಿದ ಹಲ್ಲು. ಎನಾಮೆಲನ್ನು ಒರಟಾಗಿ ಉಜ್ಜಿ ತೆಳುವಾಗಿಸಿದರೆ ಒಳಗಿನ ಹಳದಿ ಇನ್ನಷ್ಟು ಎದ್ದು ಕಾಣುವುದೇ ಹೊರತು ಬಿಳುಪು ಹೆಚ್ಚುವುದಿಲ್ಲ.

ಬಿಳುಪಿನ ಪೇಸ್ಟಿನೊಳಗೆ

ಈ ಪೇಸ್ಟುಗಳೆಲ್ಲ ಒಂದೇ ಬಗೆಯವಲ್ಲ. ಹೆಚ್ಚಿನವು ಕೆಲಸ ಮಾಡುವುದು ಉಜ್ಜುವ ಪುಡಿಯಿಂದ. ಸಿಲಿಕಾ, ಸುಣ್ಣದ ಕಾರ್ಬೊನೇಟು ಮೊದಲಾದ ನುಣ್ಣನೆಯ ಕಣಗಳು ಹಲ್ಲಿನ ಮೇಲೆ ಕೂತ ಕಾಫಿ, ಚಹಾ, ಎಲೆಯಡಿಕೆಗಳ ಕಲೆಯನ್ನು ಕೆರೆದು ತೆಗೆಯುತ್ತವೆ. ಸಾಧಾರಣ ಪೇಸ್ಟಿನಲ್ಲಿಯೂ ಇವು ಇರುತ್ತವೆ. ಬಿಳುಪಿನ ಪೇಸ್ಟುಗಳಲ್ಲಿ ಅನೇಕ ವೇಳೆ ಕೆರೆಯುವ ಬಲ ಹೆಚ್ಚು. ಪೇಸ್ಟು ಡೆಂಟಿನ್ನನ್ನು ಎಷ್ಟು ಸವೆಸುತ್ತದೆ ಎಂಬುದನ್ನು ಅಳೆಯಲು ಆರ್‌ಡಿಎ ಎಂಬ ಸಂಖ್ಯೆಯಿದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದು 250ನ್ನು ಮೀರಕೂಡದು. ಆದರೆ ನಮ್ಮ ಅಂಗಡಿಗಳಲ್ಲಿ ದೊರೆಯುವ ಟ್ಯೂಬುಗಳ ಮೇಲೆ ಈ ಸಂಖ್ಯೆಯನ್ನು ಮುದ್ರಿಸಿರುವುದು ಕಾಣಸಿಗುವುದೇ ಅಪರೂಪ.

ಇನ್ನು ಕೆಲವು ಪೇಸ್ಟುಗಳಲ್ಲಿ ನೀಲಿ ಬಣ್ಣದ ಸೂಕ್ಷ್ಮ ವರ್ಣದ್ರವ್ಯವಿರುತ್ತದೆ. ಬಿಳಿ ಪಂಚೆಗೆ ನೀಲಿ ಅದ್ದುವುದನ್ನು ಕಂಡವರಿಗೆ ಇದರ ಮರ್ಮ ಥಟ್ಟನೆ ಹೊಳೆಯುತ್ತದೆ. ಹಳದಿಯ ಮೇಲೆ ತೆಳುವಾದ ನೀಲಿ ಛಾಯೆ ಬಿದ್ದಾಗ ಕಣ್ಣಿಗೆ ಬಿಳುಪು ತೋರುತ್ತದೆ, ಹಲ್ಲು ಮಾತ್ರ ಇದ್ದಂತೆಯೇ ಇರುತ್ತದೆ. ಈ ಛಾಯೆ ಬಹುಕಾಲ ನಿಲ್ಲುವುದೂ ಇಲ್ಲ. ಮೂರನೆಯ ಬಗೆಯಲ್ಲಿ ಪೆರಾಕ್ಸೈಡು ಸ್ವಲ್ಪ ಪ್ರಮಾಣದಲ್ಲಿರುತ್ತದೆ. ದಂತವೈದ್ಯರು ಹಲ್ಲನ್ನು ಬ್ಲೀಚ್ ಮಾಡುವಾಗ ಬಳಸುವುದೂ ಇದನ್ನೇ, ಆದರೆ ಅವರು ಬಳಸುವ ಪ್ರಮಾಣ ಬಹಳ ಹೆಚ್ಚು ಮತ್ತು ವಸಡನ್ನು ಮುಚ್ಚಿಕೊಂಡು ಬಳಸುತ್ತಾರೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2011ರ ಕಾಯಿದೆಯ ಮೇರೆಗೆ ಶೇಕಡಾ 0.1ಕ್ಕಿಂತ ಹೆಚ್ಚು ಹೈಡ್ರೋಜನ್ ಪೆರಾಕ್ಸೈಡು ಇರುವ ಹಲ್ಲಿನ ಬಿಳುಪುಕಾರಕಗಳನ್ನು ನೇರವಾಗಿ ಗ್ರಾಹಕರಿಗೆ ಮಾರುವಂತಿಲ್ಲ. 18 ವರ್ಷದೊಳಗಿನವರಿಗೆ ಬಳಸುವಂತೆಯೂ ಇಲ್ಲ. ತಂತಿ ಕಟ್ಟಿಸಿಕೊಳ್ಳುವವರಲ್ಲಿ ಬಹುಪಾಲು ಮಂದಿ ಅದೇ ವಯಸ್ಸಿನವರು ಎಂಬುದನ್ನು ತಂದೆತಾಯಿಗಳು ಗಮನಿಸಬೇಕು.

ಮೇಲಿನ ಮೂರರಲ್ಲಿ ಯಾವುದೂ ಹಲ್ಲಿನ ಒಳಬಣ್ಣವನ್ನು ಪೇಸ್ಟಿನ ರೂಪದಲ್ಲಿ ಹೇಳಿಕೊಳ್ಳುವಷ್ಟು ಬದಲಿಸಲಾರದು. ಬ್ರಷ್ಷಿನ ಮೇಲೆ ಎರಡು ನಿಮಿಷ ಇದ್ದು ತೊಳೆದುಹೋಗುವ ವಸ್ತುವಿನಿಂದ ಅಷ್ಟನ್ನು ನಿರೀಕ್ಷಿಸುವುದೂ ತಪ್ಪು.

ಬ್ರ್ಯಾಕೆಟ್ಟಿನ ಅಡಿಯ ಚೌಕ

ತಂತಿಯನ್ನು ಹಿಡಿದಿಡುವ ಪುಟ್ಟ ಲೋಹದ ಅಥವಾ ಪಿಂಗಾಣಿಯ ತುಣುಕಿಗೆ ಬ್ರ್ಯಾಕೆಟ್ ಎನ್ನುತ್ತಾರೆ. ಅದನ್ನು ಹಲ್ಲಿಗೆ ಅಂಟಿಸುವ ಕ್ರಮ ಕುತೂಹಲಕರವಾಗಿದೆ. ಎನಾಮೆಲಿನ ಮೇಲೆ ಫಾಸ್ಫಾರಿಕ್ ಆಮ್ಲವನ್ನು ಕೆಲವು ಕ್ಷಣ ಇಟ್ಟು ತೊಳೆದಾಗ ನುಣುಪಾದ ಮೈ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿಂದ ಒರಟಾಗುತ್ತದೆ. ಅಂಟು ಆ ರಂಧ್ರಗಳೊಳಗೆ ಇಳಿದು ಬೇರೂರುತ್ತದೆ. 1955ರಲ್ಲಿ ಬುವೊನೊಕೋರ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ಈ ವಿಧಾನವೇ ಇಂದಿನ ಚಿಕಿತ್ಸೆಯ ಬುನಾದಿ. ಅದಕ್ಕೆ ಮುಂಚೆ ಪ್ರತಿ ಹಲ್ಲಿಗೂ ಲೋಹದ ಪಟ್ಟಿ ಸುತ್ತಬೇಕಾಗುತ್ತಿತ್ತು.

ಬಿಳುಪಿನ ಪೇಸ್ಟ್ ಬಳಸಿದರೆ ಬ್ರ್ಯಾಕೆಟ್ಟಿನ ಸುತ್ತಲಿನ ಹಲ್ಲು ಬೆಳ್ಳಗಾಗಿ, ಅಡಿಯ ಭಾಗ ಹಳದಿಯಾಗಿಯೇ ಉಳಿದು, ತಂತಿ ಬಿಚ್ಚಿದ ದಿನ ಪ್ರತಿ ಹಲ್ಲಿನ ನಡುವೆ ಒಂದೊಂದು ಚೌಕ ಕಾಣುತ್ತದೆ ಎಂಬುದೇ ಜನ ಹೇಳುವ ಕಾರಣ. ಇದರಲ್ಲಿ ಸತ್ಯಾಂಶವಿದೆ. ಪೇಸ್ಟಿನ ಕಣಗಳು ಮುಚ್ಚಿದ ಜಾಗವನ್ನು ತಲಪಲಾರವು. ಆದರೆ ಮುಚ್ಚಿದ ಜಾಗಕ್ಕೆ ಕಾಫಿಯ ಕಲೆಯೂ ತಗಲಿರುವುದಿಲ್ಲ. ಪೆರಾಕ್ಸೈಡಿನ ಅಣುವಾದರೆ ಬಹಳ ಚಿಕ್ಕದು, ಎನಾಮೆಲಿನ ಒಳಗೆ ಹರಡಿಕೊಂಡು ಅಕ್ಕಪಕ್ಕಕ್ಕೂ ಸಾಗಬಲ್ಲುದು. ಬ್ರ್ಯಾಕೆಟ್ ತೆಗೆದ ಮೇಲೆ ವೈದ್ಯರು ಉಳಿದ ಅಂಟನ್ನು ನಯವಾಗಿ ಕೊರೆದು ಹಲ್ಲಿಗೆ ಹೊಳಪು ಕೊಡುತ್ತಾರೆ, ಆಗ ಸಣ್ಣ ಪುಟ್ಟ ವ್ಯತ್ಯಾಸಗಳು ಮಾಯವಾಗುತ್ತವೆ. ಹೀಗಾಗಿ ಚೌಕದ ಗುರುತು ಎಲ್ಲರಿಗೂ ಬಿದ್ದೇ ಬೀಳುತ್ತದೆ ಎನ್ನಲಾಗದು. ಇದೊಂದನ್ನೇ ಭಯವಾಗಿಟ್ಟುಕೊಂಡು ‘ಆಮೇಲೆ ಪಾಲಿಶ್ ಮಾಡಿಸಿದರಾಯಿತು’ ಎಂದು ಸಮಾಧಾನ ಪಟ್ಟುಕೊಳ್ಳುವವರು ಮುಂದಿನ ಭಾಗವನ್ನು ಅವಶ್ಯವಾಗಿ ಓದಬೇಕು.

ರೋಗದ ಬಿಳುಪು

ತಂತಿ ಇರುವ ಹಲ್ಲಿಗೆ ಎದುರಾಗುವ ನಿಜವಾದ ಅಪಾಯವೂ ಬಿಳಿಯ ಬಣ್ಣದ್ದೇ ಎಂಬುದು ವಿಚಿತ್ರ. ಬ್ರ್ಯಾಕೆಟ್ಟಿನ ಅಂಚಿನಲ್ಲಿ, ಅದರಲ್ಲೂ ಬ್ರ್ಯಾಕೆಟ್ಟಿಗೂ ವಸಡಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ, ಅನ್ನದಗುಳು ಮತ್ತು ಪಾಚಿ ನಿಲ್ಲುತ್ತವೆ. ಪಾಚಿಯೊಳಗಿನ ಸೂಕ್ಷ್ಮಜೀವಿಗಳು ನಾವು ತಿಂದ ಸಿಹಿಯನ್ನೂ ಪಿಷ್ಟವನ್ನೂ ಹುದುಗಿಸಿ ಆಮ್ಲವನ್ನು ಮಾಡುತ್ತವೆ. ಆಮ್ಲತೆಯ ಮಟ್ಟ, ಅಂದರೆ ಪಿಎಚ್, 5.5ಕ್ಕಿಂತ ಕೆಳಗಿಳಿದಾಗ ಎನಾಮೆಲಿನ ಖನಿಜ ಕರಗಲಾರಂಭಿಸುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹೀಗಾಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ದಿನಕ್ಕೆ ಹತ್ತು ಬಾರಿ ಬಾಯಾಡಿಸುವ ಹುಡುಗನ ಹಲ್ಲು ದಿನದ ಬಹುಭಾಗವನ್ನು ಆಮ್ಲದಲ್ಲಿಯೇ ಕಳೆಯುತ್ತದೆ.

ಖನಿಜ ಕರಗಿದ ಜಾಗ ಮೊದಲು ತೂತಾಗುವುದಿಲ್ಲ. ಹೊಳಪು ಕಳೆದುಕೊಂಡು, ಸೀಮೆಸುಣ್ಣ ಬಳಿದಂತೆ ಮಾಸಲು ಬಿಳಿಯಾಗುತ್ತದೆ. ಹುಳುಕಿನ ಮೊದಲ ಮೆಟ್ಟಿಲು ಇದು. ಶುಚಿತ್ವ ಕೆಟ್ಟರೆ ಬ್ರ್ಯಾಕೆಟ್ ಅಂಟಿಸಿದ ಒಂದೇ ತಿಂಗಳಲ್ಲಿ ಇದು ಕಾಣಿಸಿಕೊಳ್ಳಬಲ್ಲುದು. ಅಮೆರಿಕದಲ್ಲಿ 1982ರಲ್ಲಿ ಗೊರೆಲಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ತಂತಿ ಚಿಕಿತ್ಸೆ ಪಡೆದವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಒಂದಾದರೂ ಹಲ್ಲಿನಲ್ಲಿ ಇಂತಹ ಬಿಳಿ ಮಚ್ಚೆ ಇತ್ತು. ಚಿಕಿತ್ಸೆ ಪಡೆಯದವರಲ್ಲಿ ಅದು ನಾಲ್ಕರಲ್ಲಿ ಒಬ್ಬರಿಗೆ ಮಾತ್ರ.

ಎರಡು ವರ್ಷ ಕಾದು, ಸಾವಿರಾರು ರೂಪಾಯಿ ವೆಚ್ಚ ಮಾಡಿ, ತಂತಿ ಬಿಚ್ಚಿದ ದಿನ ಸಾಲಾದ ಹಲ್ಲುಗಳ ಮೇಲೆ ಚೌಕದ ಸುತ್ತ ಬಿಳಿ ಚೌಕಟ್ಟು ಬರೆದಂತೆ ಕಂಡರೆ ಆ ಮನೆಯವರ ಮನಸ್ಸು ಹೇಗಾಗಬೇಕು? ಜನ ಪೇಸ್ಟಿನ ಮೇಲೆ ಹೊರಿಸುವ ಚೌಕದ ಗುರುತು ಅನೇಕ ವೇಳೆ ಈ ಬಿಳಿ ಮಚ್ಚೆಯೇ ಆಗಿರುತ್ತದೆ. ಮುಚ್ಚಿದ ಭಾಗ ಸಹಜವಾಗಿಯೇ ಉಳಿದು, ತೆರೆದ ಭಾಗ ರೋಗದಿಂದ ಬೆಳ್ಳಗಾಗಿರುತ್ತದೆ.

ಇಲ್ಲಿ ಬಿಳುಪಿನ ಪೇಸ್ಟು ಮಾಡುವ ಕೇಡು ಸುತ್ತು ಬಳಸಿನದು. ಕರಗಿ ಮೆದುವಾದ ಎನಾಮೆಲನ್ನು ಒರಟು ಪುಡಿ ಬೇಗ ಸವೆಸುತ್ತದೆ. ತಂತಿ ಬಿಗಿಗೊಳಿಸಿದ ಬಳಿಕ ಎರಡು ಮೂರು ದಿನ ನೋಯುವ ಹಲ್ಲಿಗೆ ಪೆರಾಕ್ಸೈಡು ಜುಮ್ಮೆನ್ನುವ ನೋವನ್ನೂ ಸೇರಿಸುತ್ತದೆ. ನೋವಾದ ಕಡೆ ಮಕ್ಕಳು ಬ್ರಷ್ ಮುಟ್ಟಿಸುವುದಿಲ್ಲ, ಪಾಚಿ ನಿಲ್ಲುತ್ತದೆ. ಹೊಳಪು ಬಂತೆಂಬ ಭ್ರಮೆಯಲ್ಲಿ ವಸಡಿನ ಬದಿ ಉಳಿದ ಪಾಚಿ ಗಮನಕ್ಕೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಿಳುಪಿನ ಹೆಸರಿನಲ್ಲಿ ಮಾರಾಟವಾಗುವ ಕೆಲವು ಪೇಸ್ಟುಗಳಲ್ಲಿಯೂ ಪುಡಿಗಳಲ್ಲಿಯೂ ಫ್ಲೋರೈಡು ಇರುವುದೇ ಇಲ್ಲ. ತಂತಿ ಇರುವ ಹಲ್ಲಿಗೆ ಅತ್ಯಗತ್ಯವಾದ ವಸ್ತು ಒಂದಿದ್ದರೆ ಅದು ಫ್ಲೋರೈಡು. ಕರಗಿದ ಖನಿಜ ಮರಳಿ ಕೂಡಿಕೊಳ್ಳಲು ಅದು ನೆರವಾಗುತ್ತದೆ. ಹಾಗೆ ಕೂಡಿಕೊಂಡ ಖನಿಜ ಮೊದಲಿನದಕ್ಕಿಂತ ಹೆಚ್ಚು ಆಮ್ಲವನ್ನು ತಡೆದುಕೊಳ್ಳುತ್ತದೆ. ನಮ್ಮ ದೇಶದ ನಿಯಮದಂತೆ ಟೂತ್‌ಪೇಸ್ಟಿನಲ್ಲಿ ಫ್ಲೋರೈಡು 1000 ಪಿಪಿಎಂ ಮೀರಬಾರದು, ಇದ್ದರೆ ಅದರ ಪ್ರಮಾಣವನ್ನು ಟ್ಯೂಬಿನ ಮೇಲೆ ನಮೂದಿಸಬೇಕು. ಕೊಳ್ಳುವ ಮುನ್ನ ಟ್ಯೂಬನ್ನು ತಿರುಗಿಸಿ ಆ ಸಣ್ಣಕ್ಷರವನ್ನು ಓದುವುದು ಮುಂಭಾಗದ ಹೊಳೆಯುವ ಅಕ್ಷರವನ್ನು ಓದುವುದಕ್ಕಿಂತ ಮೇಲು.

ಇದ್ದಿಲು, ಬೂದಿ, ನಿಂಬೆ

ಇತ್ತೀಚೆಗೆ ಕಪ್ಪು ಬಣ್ಣದ ಇದ್ದಿಲ ಪೇಸ್ಟಿಗೆ ಬೇಡಿಕೆ ಬಂದಿದೆ. ‘ನಮ್ಮ ಅಜ್ಜ ಇದ್ದಿಲಿನಲ್ಲಿಯೇ ಹಲ್ಲುಜ್ಜುತ್ತಿದ್ದರು, ಎಂಬತ್ತು ವರ್ಷಕ್ಕೂ ಚಕ್ಕುಲಿ ಕಡಿಯುತ್ತಿದ್ದರು’ ಎಂಬ ಮಾತನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಅಜ್ಜನ ಹಲ್ಲು ಉಳಿದದ್ದರಲ್ಲಿ ಇದ್ದಿಲಿಗಿಂತ ಸಕ್ಕರೆ ಕಡಿಮೆಯಿದ್ದ ಊಟದ ಪಾಲು ದೊಡ್ಡದು. ಅವರಿಗೆ ಬ್ರ್ಯಾಕೆಟ್ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣ ಕಾರ್ಖಾನೆ ಆರಂಭವಾದಾಗ ಅದರ ಊದುಕುಲುಮೆ ಉರಿದದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. ಅದಿರನ್ನು ಕಬ್ಬಿಣ ಮಾಡಲು ಇದ್ದಿಲು ಬೇಕು. ಹಲ್ಲಿಗೆ ಅದು ಬೇಕೆಂಬುದಕ್ಕೆ ಆಧಾರ ಸಾಲದು. ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ಸಮೀಕ್ಷೆಯೊಂದು ಇದ್ದಿಲ ಪೇಸ್ಟುಗಳ ಗುಣವನ್ನಾಗಲಿ ಸುರಕ್ಷತೆಯನ್ನಾಗಲಿ ಸಮರ್ಥಿಸುವಷ್ಟು ಪುರಾವೆ ಇಲ್ಲವೆಂದೇ ತೀರ್ಮಾನಿಸಿತು. ತಂತಿ ಇದ್ದವರಿಗಂತೂ ಇನ್ನೊಂದು ತೊಂದರೆ. ಇದ್ದಿಲಿನ ಕಣಗಳು ಬ್ರ್ಯಾಕೆಟ್ಟಿನ ಅಂಚಿನಲ್ಲಿ, ರಬ್ಬರಿನ ಕೆಳಗೆ ಸಿಕ್ಕಿಕೊಂಡು ಕಾಡಿಗೆಯ ಗೆರೆ ಎಳೆದಂತೆ ಕಾಣುತ್ತವೆ, ಬಾಯಿ ಮುಕ್ಕಳಿಸಿದರೆ ಹೋಗುವುದಿಲ್ಲ.

ಭತ್ತದ ಹೊಟ್ಟನ್ನು ಸುಟ್ಟ ಕರಿಯಿಂದ ಹಲ್ಲುಜ್ಜುವ ರೂಢಿಯೂ ಕೆಲವು ಹಳ್ಳಿಗಳಲ್ಲಿದೆ. ಹೊಟ್ಟಿನ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ. ಪೇಸ್ಟಿನಲ್ಲಿರುವುದೂ ಸಿಲಿಕಾ ತಾನೇ ಎಂದು ಕೇಳಬಹುದು. ವಸ್ತು ಒಂದೇ, ಕಾರ್ಖಾನೆಯಲ್ಲಿ ಕಣದ ಗಾತ್ರವನ್ನು ಅಳೆದು ಸೇರಿಸುತ್ತಾರೆ, ಒಲೆಯ ಬೂದಿಗೆ ಅಳತೆಯಿಲ್ಲ. ನಂಜನಗೂಡಿನ ಸದ್ವೈದ್ಯಶಾಲೆಯ ಕೆಂಪು ಹಲ್ಲುಪುಡಿಯನ್ನು ಬಾಲ್ಯದಿಂದ ಬಳಸಿದವರಿಗೆ ಪುಡಿಯ ಮೇಲೆ ಒಲವಿರುವುದು ಸಹಜ. ಆ ಒಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆರಳಿನಿಂದ ಉಜ್ಜುವ ಯಾವ ಪುಡಿಯೂ ಬ್ರ್ಯಾಕೆಟ್ಟಿನ ಸಂದಿಗೆ ಇಳಿಯದು. ತಂತಿ ಇರುವ ಎರಡು ವರ್ಷ ಪುಡಿಯನ್ನು ಬದಿಗಿಟ್ಟು ಬ್ರಷ್ ಹಿಡಿಯುವುದೇ ಯುಕ್ತ. ಬೇವಿನ ಕಡ್ಡಿಗೂ ಇದೇ ಮಾತು ಸಲ್ಲುತ್ತದೆ. ಗಟ್ಟಿ ನಾರು ತಂತಿಯನ್ನು ಬಾಗಿಸುತ್ತದೆ.

ನಿಂಬೆಹುಳಿಗೆ ಉಪ್ಪು ಅಥವಾ ಅಡುಗೆಸೋಡ ಬೆರೆಸಿ ತಿಕ್ಕುವುದನ್ನು ಮಾತ್ರ ತಂತಿ ಇದ್ದವರೂ ಇಲ್ಲದವರೂ ಕೂಡಲೇ ನಿಲ್ಲಿಸಬೇಕು. ನಿಂಬೆಯ ಆಮ್ಲ ಎನಾಮೆಲನ್ನು ನೇರವಾಗಿ ಕರಗಿಸುತ್ತದೆ. ಮೊದಲ ದಿನ ಹಲ್ಲು ಬೆಳ್ಳಗೆ ಕಾಣುವುದು ಮೈ ಒರಟಾಗಿ ಬೆಳಕು ಚದುರುವುದರಿಂದ.

ಹಳದಿ ಎಲ್ಲಿಂದ ಬಂತು?

ತಂತಿ ಕಟ್ಟಿಸಿಕೊಂಡವರು ಹಲ್ಲು ಹಳದಿಯಾಯಿತೆಂದು ದುಃಖಿಸುವಾಗ ಹಲವು ಬಾರಿ ಹಳದಿಯಾಗಿರುವುದು ರಬ್ಬರು. ತಂತಿಯನ್ನು ಬ್ರ್ಯಾಕೆಟ್ಟಿಗೆ ಬಿಗಿಯುವ ಪುಟ್ಟ ರಬ್ಬರಿನ ಉಂಗುರ ಬಣ್ಣವನ್ನು ಬಹುಬೇಗ ಹೀರುತ್ತದೆ. ಹುಳಿ, ಪಲ್ಯ, ಚಿತ್ರಾನ್ನ, ಎಲ್ಲದರಲ್ಲಿಯೂ ಅರಿಶಿನವಿರುವ ನಮ್ಮ ಊಟದಲ್ಲಿ ಬಣ್ಣವಿಲ್ಲದ ರಬ್ಬರು ಒಂದೆರಡು ದಿನದಲ್ಲಿ ಹಳದಿಗಟ್ಟುತ್ತದೆ. ಅದರ ಪಕ್ಕದ ಹಲ್ಲೂ ಹಳದಿಯಾಗಿ ತೋರುತ್ತದೆ. ಇದಕ್ಕೆ ಯಾವ ಪೇಸ್ಟೂ ಬೇಡ. ನಾಲ್ಕಾರು ವಾರಗಳಿಗೊಮ್ಮೆ ವೈದ್ಯರಲ್ಲಿಗೆ ಹೋದಾಗ ರಬ್ಬರು ಬದಲಾಗುತ್ತದೆ. ಬಿಳಿಯ ಅಥವಾ ಪಾರದರ್ಶಕ ರಬ್ಬರಿನ ಬದಲು ಬೂದು, ನೀಲಿ ಬಣ್ಣದ್ದನ್ನು ಕೇಳಿ ಹಾಕಿಸಿಕೊಂಡರೆ ಚಿಂತೆ ಅರ್ಧ ಕಳೆಯುತ್ತದೆ. ಹಲ್ಲಿನ ಬಣ್ಣದ ಲೇಪವಿರುವ ತಂತಿ ಹಾಕಿಸಿಕೊಂಡವರು ಒರಟು ಪೇಸ್ಟ್ ಬಳಸಿದರೆ ಲೇಪವೇ ಕಿತ್ತು ಬಂದು ಒಳಗಿನ ಲೋಹ ಇಣುಕುತ್ತದೆ.

ಕಲೆಯ ಇನ್ನೊಂದು ಮೂಲ ಔಷಧದ್ದೇ. ವಸಡು ಊದಿದಾಗ ವೈದ್ಯರು ಕ್ಲೋರ್‌ಹೆಕ್ಸಿಡಿನ್ ಎಂಬ ಮುಕ್ಕಳಿಸುವ ದ್ರವವನ್ನು ಬರೆದುಕೊಡುತ್ತಾರೆ. ಅದು ಒಳ್ಳೆಯ ಔಷಧ, ಆದರೆ ಎರಡು ವಾರ ದಾಟಿ ಬಳಸಿದರೆ ಹಲ್ಲಿನ ಮೇಲೆ ಕಂದು ಲೇಪ ಕೂರುತ್ತದೆ. ಚೀಟಿಯನ್ನು ಜೋಪಾನವಾಗಿಟ್ಟುಕೊಂಡು ತಿಂಗಳುಗಟ್ಟಲೆ ಅದನ್ನೇ ತರಿಸಿ ಬಳಸುವವರಿದ್ದಾರೆ. ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಟಾನಿಕ್ಕಿನಿಂದ ಕಪ್ಪು ಗೆರೆ ಬೀಳುವುದೂ ಉಂಟು. ಇವೆರಡನ್ನೂ ದಂತವೈದ್ಯರು ಯಂತ್ರದಿಂದ ಸ್ವಚ್ಛಗೊಳಿಸಬಲ್ಲರು, ತಂತಿ ಇರುವಾಗಲೂ.

ಅಡಿಕೆಯ ವಿಷಯ ಬರೆಯದೆ ವಿಧಿಯಿಲ್ಲ. ಅಡಿಕೆಯೇ ಅನ್ನವಾಗಿರುವ ಜಿಲ್ಲೆಯಲ್ಲಿ ಕುಳಿತು ಅದರ ವಿರುದ್ಧ ಬರೆಯುವುದು ಸುಲಭವಲ್ಲ. ಆದರೂ ತಂತಿ ಇದ್ದವರು ಅಡಿಕೆಯನ್ನು ಬಾಯಿಗೆ ಹಾಕಲೇಬಾರದು. ಒಂದು ಹೋಳನ್ನು ಕಡಿಯುವ ಬಲಕ್ಕೆ ಬ್ರ್ಯಾಕೆಟ್ ಕಿತ್ತು ಬರುತ್ತದೆ, ಚಿಕಿತ್ಸೆ ವಾರಗಟ್ಟಲೆ ಹಿಂದೆ ಬೀಳುತ್ತದೆ. ಎಲೆ, ಕಾಚು, ಸುಣ್ಣಗಳೊಡನೆ ಅದು ಬಿಡುವ ಕೆಂಗಂದು ಕಲೆ ಬ್ರಷ್ಷಿಗೆ ಜಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ತಂಬಾಕು ಬೆರೆಸದ ಅಡಿಕೆಯನ್ನೂ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ ಎಂಬುದು ಬೆಳೆಗಾರರಿಗೆ ನೋವಿನ ಸಂಗತಿಯಾದರೂ ಮಕ್ಕಳಿಂದ ಮುಚ್ಚಿಡುವಂಥದಲ್ಲ.

ಇನ್ನು ಚಿತ್ರದುರ್ಗ, ದಾವಣಗೆರೆ ಕಡೆಯ ಬಯಲು ಸೀಮೆಯಿಂದ ಓದಿಗಾಗಿ ಇಲ್ಲಿಗೆ ಬಂದು ಪ್ರಸಾದನಿಲಯಗಳಲ್ಲಿರುವ ಮಕ್ಕಳ ಪ್ರಶ್ನೆ. ಆ ಭಾಗದ ಹಲವು ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂನೊಳಗೆ ಇರಬೇಕು. ಬೇರೆ ನೀರು ಸಿಗದಿದ್ದಲ್ಲಿ 1.5ರ ವರೆಗೆ ಸಹಿಸಬಹುದೆಂದು ನಮ್ಮ ರಾಷ್ಟ್ರೀಯ ಮಾನದಂಡ ಹೇಳುತ್ತದೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಕುಡಿದವರ ಹಲ್ಲಿನಲ್ಲಿ ಬಿಳಿ ಪಟ್ಟೆ, ಕಂದು ಮಚ್ಚೆಗಳು ಮೂಡುತ್ತವೆ. ಈ ಬಣ್ಣ ಎನಾಮೆಲಿನ ಒಳಗೇ ಇರುವುದರಿಂದ ಬಿಳುಪಿನ ಪೇಸ್ಟಿಗೆ ಸಿಕ್ಕುವುದಿಲ್ಲ. ಎಷ್ಟು ಉಜ್ಜಿದರೂ ನಿರಾಶೆಯೇ. ‘ಫ್ಲೋರೈಡಿನಿಂದಲೇ ಹಲ್ಲು ಕೆಟ್ಟಿದೆ, ಈಗ ಪೇಸ್ಟಿನಲ್ಲಿಯೂ ಅದನ್ನೇ ಹಾಕಬೇಕೆ?’ ಎಂದು ಅವರ ತಂದೆತಾಯಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮಚ್ಚೆ ಬೀಳುವುದು ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಸುಮಾರು ಎಂಟು ವರ್ಷದೊಳಗೆ, ನುಂಗಿದ ಫ್ಲೋರೈಡಿನಿಂದ. ಹದಿನಾಲ್ಕು ಹದಿನೈದರ ಹುಡುಗನ ಮುಂದಿನ ಹಲ್ಲುಗಳು ಆಗಲೇ ರೂಪುಗೊಂಡು ಹೊರಬಂದಿರುತ್ತವೆ. ಪೇಸ್ಟಿನ ಫ್ಲೋರೈಡು ಹಲ್ಲಿನ ಹೊರಮೈಯಲ್ಲಿ ಕೆಲಸ ಮಾಡಿ ಉಗುಳಿನೊಡನೆ ಹೊರಹೋಗುತ್ತದೆ. ತಂತಿ ಇರುವಾಗ ಆತನಿಗೂ ಅದು ಬೇಕು. ಕಂದು ಮಚ್ಚೆಗೆ ಬೇರೆ ಚಿಕಿತ್ಸೆಗಳಿವೆ, ತಂತಿ ಬಿಚ್ಚಿದ ಮೇಲೆ ಅವನ್ನು ಮಾಡಿಸಬಹುದು.

ಶುಚಿಗೊಳಿಸುವ ಕ್ರಮ

ಊಟ ಮುಗಿದೊಡನೆ ನೀರಿನಿಂದ ಬಲವಾಗಿ ಬಾಯಿ ಮುಕ್ಕಳಿಸಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಮೆದು ಕೂದಲಿನ ಬ್ರಷ್ಷಿನಿಂದ, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ಉಜ್ಜಬೇಕು. ಎರಡರಲ್ಲಿ ರಾತ್ರಿಯದು ಹೆಚ್ಚು ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ, ಕಾವಲುಗಾರನಿಲ್ಲದ ಮನೆಯಂತೆ ಬಾಯಿ ಇರುತ್ತದೆ. ಬ್ರಷ್ಷನ್ನು ಮೊದಲು ಓರೆಯಾಗಿ ಹಿಡಿದು ಬ್ರ್ಯಾಕೆಟ್ಟಿಗೂ ವಸಡಿಗೂ ನಡುವಿನ ಪಟ್ಟಿಯನ್ನು ಶುಚಿಮಾಡಿ, ಆಮೇಲೆ ಬ್ರ್ಯಾಕೆಟ್ಟಿನ ಮೇಲೆ, ಕೊನೆಗೆ ಅದರ ಇನ್ನೊಂದು ಬದಿಗೆ ಬರಬೇಕು. ತಂತಿಯ ಅಡಿಗೆ ಬಾಟಲಿ ತೊಳೆಯುವ ಕುಂಚದಂತಹ ಚಿಕ್ಕ ಬ್ರಷ್ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ಪ್ರತಿ ಬ್ರ್ಯಾಕೆಟ್ಟಿನ ಇಬ್ಬದಿಗೂ ಆಡಿಸಬೇಕು. ಇಷ್ಟಕ್ಕೆ ಐದು ನಿಮಿಷವಾದರೂ ಬೇಕು. ಪೇಸ್ಟನ್ನು ಉಗುಳಿದ ಮೇಲೆ ಬಾಯಿತುಂಬ ನೀರು ಹಾಕಿ ಮತ್ತೆ ಮತ್ತೆ ಮುಕ್ಕಳಿಸಿದರೆ ಫ್ಲೋರೈಡೆಲ್ಲ ತೊಳೆದುಹೋಗುತ್ತದೆ. ಉಗುಳಿ ಸುಮ್ಮನಿರುವುದು ಲೇಸು. ನಮ್ಮ ಜನಕ್ಕೆ ಇದು ಒಗ್ಗದ ಅಭ್ಯಾಸವೆಂದು ಬಲ್ಲೆವು, ಆದರೂ ಒಂದು ವಾರ ಪ್ರಯತ್ನಿಸಿ ನೋಡಬಹುದು. ಶೇಕಡಾ 0.05 ಸೋಡಿಯಂ ಫ್ಲೋರೈಡ್ ಇರುವ ಮುಕ್ಕಳಿಸುವ ದ್ರವವನ್ನು ವೈದ್ಯರು ಸೂಚಿಸಿದರೆ ಹಲ್ಲುಜ್ಜುವ ಹೊತ್ತಿಗೆ ಬಳಸದೆ ಮಧ್ಯಾಹ್ನವೋ ಶಾಲೆಯಿಂದ ಬಂದ ಮೇಲೋ ಬಳಸಬೇಕು.

ಪ್ರಸಾದನಿಲಯದ ಹುಡುಗರಿಗೆ ಬೆಳಗಿನ ಗಡಿಬಿಡಿಯಲ್ಲಿ ಐದು ನಿಮಿಷವೂ ದುಬಾರಿ. ಅಂಥವರು ಚೀಲದಲ್ಲಿ ಒಂದು ಬ್ರಷ್ ಇಟ್ಟುಕೊಂಡು ಶಾಲೆಯ ನಲ್ಲಿಯ ಬಳಿ ಮಧ್ಯಾಹ್ನದ ಊಟದ ಬಳಿಕ ಬರಿಯ ನೀರಿನಲ್ಲಿ ಉಜ್ಜಿದರೂ ಅನುಕೂಲವಿದೆ. ಸ್ನೇಹಿತರು ನಕ್ಕಾರೆಂಬ ಸಂಕೋಚ ಬೇಡ.

ಆಹಾರದಲ್ಲಿ ಗಟ್ಟಿಯಾದುದನ್ನೂ ಅಂಟುವುದನ್ನೂ ದೂರವಿಡಬೇಕು. ಸಂಕ್ರಾಂತಿಯ ಸಕ್ಕರೆ ಅಚ್ಚು, ಒಣಕೊಬ್ಬರಿಯ ದಪ್ಪ ತುಂಡು, ನಿಪ್ಪಟ್ಟು, ಕೋಡುಬಳೆ, ಸಿಗಿದು ತಿನ್ನುವ ಕಬ್ಬು, ಇವು ಬ್ರ್ಯಾಕೆಟ್ಟಿನ ಶತ್ರುಗಳು. ಭದ್ರಾ ಅಚ್ಚುಕಟ್ಟಿನ ಮಕ್ಕಳಿಗೆ ಕಬ್ಬು ಬೇಡವೆನ್ನುವುದು ಕಠಿಣ. ಸಣ್ಣ ಹೋಳುಗಳನ್ನಾಗಿ ಕತ್ತರಿಸಿ ಹಿಂದಿನ ಹಲ್ಲಿನಲ್ಲಿ ಜಗಿದು ಕೂಡಲೇ ಬಾಯಿ ತೊಳೆಯಲಿ ಎಂಬಷ್ಟರ ಮಟ್ಟಿಗೆ ನಾವು ಸಡಿಲಿಸಬಲ್ಲೆವು. ಅಕ್ಕಿ ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ, ಕಡುಬನ್ನು ಇದ್ದಂತೆಯೇ ತಿನ್ನಬಹುದು. ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಹಣ್ಣಿನ ಪಾನಕ, ಬಾಟಲಿಯ ತಂಪು ಪಾನೀಯಗಳು ಹುಳಿಯ ಗುಂಪಿನವು. ಅವನ್ನು ಊಟದೊಡನೆ ಸೇವಿಸಲಿ, ಹೊತ್ತುಹೊತ್ತಿಗೆ ಗುಟುಕರಿಸುವುದು ಬೇಡ. ಹುಳಿ ತಿಂದೊಡನೆ ಬ್ರಷ್ ಹಿಡಿಯದೆ ಅರ್ಧ ಗಂಟೆ ತಡೆಯಬೇಕು.

ಬಿಚ್ಚಿದ ಬಳಿಕ

ಬಿಳುಪು ಬೇಕೆನ್ನುವವರ ಸರದಿ ಆಗ ಬರುತ್ತದೆ. ತಂತಿ ತೆಗೆದು, ಅಂಟನ್ನು ನೀಗಿ, ಹೊಳಪು ಕೊಟ್ಟ ಮೇಲೆ ಹಲ್ಲಿನ ನಿಜಬಣ್ಣ ತಿಳಿಯುತ್ತದೆ. ಅನೇಕರಿಗೆ ಅಷ್ಟೇ ಸಾಕೆನಿಸುತ್ತದೆ. ಬಿಳಿ ಮಚ್ಚೆಗಳಿದ್ದರೆ ಆತುರ ಸಲ್ಲದು. ಜೊಲ್ಲಿನ ಖನಿಜ ಮತ್ತು ಫ್ಲೋರೈಡಿನ ನೆರವಿನಿಂದ ಮೊದಲ ಕೆಲವು ತಿಂಗಳಲ್ಲಿ ಅವುಗಳಲ್ಲಿ ಕೆಲವು ತಾವಾಗಿ ಮಸುಳುತ್ತವೆ. ಉಳಿದವಕ್ಕೆ ಮಚ್ಚೆಯ ರಂಧ್ರಗಳಿಗೆ ತೆಳು ರಾಳವನ್ನು ಇಳಿಸುವ ವಿಧಾನವಿದೆ, ಮೇಲ್ಪದರವನ್ನು ಎಳ್ಳಷ್ಟು ತೇಯ್ದು ಸರಿಪಡಿಸುವ ವಿಧಾನವಿದೆ. ಬ್ಲೀಚ್ ಮಾಡಿಸುವುದಾದರೆ ಮಚ್ಚೆಗಳ ಸ್ಥಿತಿ ನೋಡಿ ವೈದ್ಯರೇ ಕಾಲವನ್ನು ನಿಗದಿಪಡಿಸಬೇಕು. ತಂತಿ ಕಟ್ಟಿಸುವ ಮುಂಚೆಯೇ ಬ್ಲೀಚ್ ಮಾಡಿಸಿಬಿಡೋಣವೆಂಬ ಜಾಣ್ಮೆಯೂ ಕೆಲಸಕ್ಕೆ ಬಾರದು. ಬ್ಲೀಚ್ ಆದ ಕೂಡಲೇ ಎನಾಮೆಲಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಕೆಲವು ವಾರ ಕಾಯಬೇಕಾಗುತ್ತದೆ.

ಮಧ್ಯದಲ್ಲಿ ಸಂಶಯ ಬಂದವರು ನೆರೆಮನೆಯವರನ್ನೂ ಅಂಗಡಿಯವರನ್ನೂ ಕೇಳುವುದಕ್ಕಿಂತ ತಂತಿ ಕಟ್ಟಿದ ವೈದ್ಯರನ್ನೇ ಕೇಳಲಿ. ಊರು ಬದಲಾಗಿ ಅವರು ದೂರವಾಗಿದ್ದರೆ ಶಿವಮೊಗ್ಗದ ಶರಾವತಿ ದಂತ ವೈದ್ಯಕೀಯ ಕಾಲೇಜಿನಲ್ಲಿಯೋ ದಾವಣಗೆರೆಯ ಬಾಪೂಜಿ ದಂತ ವೈದ್ಯಕೀಯ ಕಾಲೇಜಿನಲ್ಲಿಯೋ ವಕ್ರದಂತ ಚಿಕಿತ್ಸೆಯ ವಿಭಾಗವನ್ನು ವಿಚಾರಿಸಬಹುದು. ಹೋಗುವಾಗ ಹಳೆಯ ಚೀಟಿಗಳು, ಎಕ್ಸ್‌ರೇಗಳ ಜೊತೆಗೆ ಮನೆಯಲ್ಲಿ ಬಳಸುತ್ತಿರುವ ಪೇಸ್ಟಿನ ಟ್ಯೂಬನ್ನೂ ಚೀಲಕ್ಕೆ ಹಾಕಿಕೊಂಡರೆ ಒಳ್ಳೆಯದು. ಬ್ರ್ಯಾಕೆಟ್ಟಿನ ಸುತ್ತ ಸೀಮೆಸುಣ್ಣದಂತಹ ಬಿಳುಪು ಕಂಡಿದ್ದರೆ ಮುಂದಿನ ತಿಂಗಳ ಸರದಿಗೆ ಕಾಯದೆ ಅದೇ ವಾರ ಹೋಗಬೇಕು.